ಕಣಕ್ಕೆ ರಕ್ತವು ತೊಡಿಸುವ ಉಡುಗೆ

ಗೋಕಾವಿಯ ಗೊಂಬೆಗಾರರು ಕಟ್ಟಿಗೆಯಲ್ಲಿ ಮಾಡುವ ಹಣ್ಣುಕಾಯಿಗಳನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ಹಗುರವಾದ ಕಟ್ಟಿಗೆಯನ್ನು ಕೆತ್ತಿ, ಅದರ ಮೇಲೆ ಬಿಳಿಯ ಲೇಪವನ್ನು ಕೊಟ್ಟು, ಬಳಿಕ ಬಣ್ಣ ಹಚ್ಚಿದರೆ ಮಾವು ಮಾವಾಗಿಯೇ, ಬಾಳೆ ಬಾಳೆಯಾಗಿಯೇ ತೋರುತ್ತದೆ. ಎಳೆಯ ಮಗು ಅದನ್ನು ಕಚ್ಚಿ ನೋಡುವುದೂ ಉಂಟು. ಮಗುವಿಗೆ ಕಾಣುವುದು ಬಣ್ಣವೇ ಹೊರತು ಕಟ್ಟಿಗೆಯಲ್ಲ. ನಮ್ಮ ರಕ್ತವನ್ನು ಪ್ರವೇಶಿಸುವ ಅತಿ ಸೂಕ್ಷ್ಮ ಕಣಗಳ ವಿಷಯದಲ್ಲಿ ದೇಹದ ಜೀವಕೋಶಗಳು ಬಹುಮಟ್ಟಿಗೆ ಈ ಮಗುವಿನಂತೆಯೇ ವರ್ತಿಸುತ್ತವೆ. ಅವುಗಳಿಗೆ ಮೊದಲು ಕಾಣುವುದು ಕಣವಲ್ಲ, ಕಣದ ಮೇಲೆ ರಕ್ತವು ಹಚ್ಚಿದ ಲೇಪ. ಈ ಒಂದು ಮಾತನ್ನು ನಾವು ಸರಿಯಾಗಿ ಮನಗಾಣದೆ ಇರುವುದರಿಂದ ಅಂಜಬೇಕಾಗಿಲ್ಲದಲ್ಲಿ ಅಂಜುತ್ತಿದ್ದೇವೆ, ಅಂಜಬೇಕಾದಲ್ಲಿ ನಿಶ್ಚಿಂತರಾಗಿದ್ದೇವೆ. ಇದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ನನ್ನ ಊರು ಹುಕ್ಕೇರಿ ತಾಲೂಕಿನ ಒಂದು ಹಳ್ಳಿ, ಉದ್ಯೋಗ ಗೋಕಾವಿಯಲ್ಲಿ. ತಂಗಿಯನ್ನು ಮೂಡಲಗಿ ತಾಲೂಕಿನ ಹಳ್ಳಿಗೆ ಕೊಟ್ಟಿದೆ. ಕೆಲವು ಕಾಲದ ಹಿಂದೆ ಆಕೆ ಬಸುರಿಯಾಗಿದ್ದಾಗ ರಕ್ತದಲ್ಲಿ ಹಿಮೋಗ್ಲೋಬಿನ್ ತೀರ ಇಳಿದು, ಗುಳಿಗೆಗಳು ಹೊಟ್ಟೆಗೆ ಒಗ್ಗದೆ ಹೋದುದರಿಂದ, ಒಂದು ಆಸ್ಪತ್ರೆಯಲ್ಲಿ ಕಬ್ಬಿಣದ ಔಷಧವನ್ನು ಸಲೈನಿನಲ್ಲಿ ಬೆರೆಸಿ ನರಕ್ಕೆ ಕೊಟ್ಟರು. ಹತ್ತು ನಿಮಿಷದೊಳಗೆ ಆಕೆಯ ಮುಖ ಕೆಂಪೇರಿತು, ಎದೆ ಬಿಗಿಯಿತು. ದಾದಿಯು ಒಡನೆ ಸಲೈನ್ ನಿಲ್ಲಿಸಿದಳು. ಕಾಲು ಗಂಟೆಯಲ್ಲಿ ಎಲ್ಲವೂ ಶಮನವಾಯಿತು. ಆ ಮೇಲೆ ನಿಧಾನವಾಗಿ ಹನಿಯಿಸಿದಾಗ ಯಾವ ತೊಂದರೆಯೂ ಆಗಲಿಲ್ಲ. ಆದರೆ ಮನೆಗೆ ಬಂದ ತಂಗಿ, “ಅಣ್ಣಾ, ಮಾರಿ ಎಲ್ಲಾ ಸುಟ್ಟಂಗಾತು, ಎದಿ ಬಿಗದಂಗಾತು” ಎಂದು ಹೇಳಿದ ಮಾತು ಓಣಿಯಲ್ಲಿ ಹಬ್ಬಿತು. “ರಕ್ತದಾಗ ಕಬ್ಬಿಣ ಬಿಡ್ತಾರಂತ, ಯಾರೂ ಹೋಗಬ್ಯಾಡ್ರಿ” ಎಂದು ಹಿರಿಯ ಹೆಂಗಸರು ನಿರ್ಣಯ ಮಾಡಿಬಿಟ್ಟರು. ಅದೇ ಓಣಿಯ ಇನ್ನಿಬ್ಬರು ಬಸುರಿಯರು ಆ ಚಿಕಿತ್ಸೆಯನ್ನು ಬೇಡವೆಂದರು.

ಅಂದು ಸಂಜೆ ನಾನು ಅವರ ಅಂಗಳದಲ್ಲಿ ಕುಳಿತಿದ್ದೆ. ಕಬ್ಬು ಕಡಿದ ಹೊಲದಲ್ಲಿ ರವದಿಗೆ ಬೆಂಕಿ ಇಟ್ಟಿದ್ದರು. ಕರಿಯ ಬೂದಿ ಒಣಹಾಕಿದ ಬಟ್ಟೆಗಳ ಮೇಲೂ, ನೀರಿನ ಕೊಡದ ಮೇಲೂ, ಮಕ್ಕಳ ತಲೆಯ ಮೇಲೂ ಉದುರುತ್ತಿತ್ತು. ಯಾರೊಬ್ಬರೂ ಅದರ ಕಡೆಗೆ ಲಕ್ಷ್ಯ ಕೊಡಲಿಲ್ಲ. ಸೀಸೆಯಲ್ಲಿದ್ದ ಕಣಕ್ಕೆ ಅಂಜಿದವರು ಹೊಗೆಯಲ್ಲಿದ್ದ ಕಣಗಳನ್ನು ನಿರಾತಂಕವಾಗಿ ಉಸಿರಾಡುತ್ತಿದ್ದರು. ಈ ಎರಡರಲ್ಲಿ ಯಾವುದನ್ನು ವಿಜ್ಞಾನವು ಹೆಚ್ಚಾಗಿ ಪರೀಕ್ಷಿಸಿದೆ, ಯಾವುದಕ್ಕೆ ನಾವು ಅಂಜಬೇಕು? ಇದಕ್ಕೆ ಉತ್ತರ ಕೊಡಬೇಕಾದರೆ ಕಣಗಳ ಸ್ವಭಾವವನ್ನು ಸ್ವಲ್ಪ ತಿಳಿಯಬೇಕು.

ಒಂದು ಮೀಟರಿನ ನೂರು ಕೋಟಿಯಲ್ಲೊಂದು ಭಾಗಕ್ಕೆ ನ್ಯಾನೋಮೀಟರ್ ಎಂದು ಹೆಸರು. ಸಾಮಾನ್ಯವಾಗಿ 1ರಿಂದ 100 ನ್ಯಾನೋಮೀಟರ್ ಅಳತೆಯ ಕಣಗಳನ್ನು ನ್ಯಾನೋ ಕಣಗಳೆನ್ನುತ್ತಾರೆ. ಇವುಗಳ ವೈಶಿಷ್ಟ್ಯವಿರುವುದು ಮೇಲ್ಮೈಯಲ್ಲಿ. ಒಂದು ಸೆಂಟಿಮೀಟರ್ ಭುಜವುಳ್ಳ ಒಂದು ಘನವನ್ನು ತೆಗೆದುಕೊಳ್ಳೋಣ. ಅದರ ಮೇಲ್ಮೈ 6 ಚದರ ಸೆಂಟಿಮೀಟರ್, ಎಂದರೆ ಒಂದು ಅಂಚೆ ಚೀಟಿಯಷ್ಟು. ಅದನ್ನೇ 10 ನ್ಯಾನೋಮೀಟರ್ ಭುಜದ ಘನಗಳಾಗಿ ಕತ್ತರಿಸುತ್ತ ಹೋದರೆ ಎಲ್ಲ ತುಂಡುಗಳ ಮೇಲ್ಮೈ ಒಟ್ಟಿಗೆ 600 ಚದರ ಮೀಟರ್ ಆಗುತ್ತದೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು ಆರು ಗುಂಟೆ ನೆಲ! ಪದಾರ್ಥವು ಒಂದು ಗುಲಗಂಜಿಯಷ್ಟೂ ಹೆಚ್ಚಿಲ್ಲ. ಅಂಟಿಕೊಳ್ಳಲು ಸ್ಥಳ ಮಾತ್ರ ಹತ್ತು ಲಕ್ಷ ಪಟ್ಟು ಹೆಚ್ಚಿತು.

ಅಂಟಿಕೊಳ್ಳುವ ವಸ್ತುಗಳಾದರೋ ರಕ್ತದಲ್ಲಿ ಧಾರಾಳವಾಗಿವೆ. ರಕ್ತಕಣಗಳನ್ನು ಬೇರ್ಪಡಿಸಿದ ಬಳಿಕ ಉಳಿಯುವ ದ್ರವವನ್ನು ಪ್ಲಾಸ್ಮಾ ಎನ್ನುತ್ತಾರೆ. ಅದರ ಪ್ರತಿ ಲೀಟರಿನಲ್ಲಿ 60ರಿಂದ 80 ಗ್ರಾಂ ಪ್ರೋಟೀನುಗಳು ಕರಗಿರುತ್ತವೆ. ಅರ್ಧಕ್ಕಿಂತ ಹೆಚ್ಚಿನ ಪಾಲು ಆಲ್ಬುಮಿನ್. ಉಳಿದವುಗಳಲ್ಲಿ ರಕ್ತ ಹೆಪ್ಪುಗಟ್ಟಿಸುವ ಫೈಬ್ರಿನೋಜೆನ್, ಕಬ್ಬಿಣವನ್ನು ಹೊರುವ ಟ್ರಾನ್ಸ್‌ಫೆರಿನ್, ರೋಗಾಣುಗಳನ್ನು ಗುರುತು ಹಚ್ಚುವ ಪ್ರತಿಕಾಯಗಳು, ಅವುಗಳಿಗೆ ನೆರವಾಗುವ ಪೂರಕ ಪ್ರೋಟೀನುಗಳು ಮೊದಲಾದ ನಾನಾ ಬಗೆಗಳಿವೆ. ಬರಿಯ ಮೈಯ ಕಣವೊಂದು ಈ ಸಂತೆಯೊಳಗೆ ಬಿದ್ದ ಕ್ಷಣವೇ ಪ್ರೋಟೀನುಗಳು ಅದಕ್ಕೆ ಮುತ್ತಿಕೊಳ್ಳುತ್ತವೆ.

ಇದು ತೀರ ಹೊಸ ಸಂಗತಿಯೇನೂ ಅಲ್ಲ. 1857ರಲ್ಲಿ ಮೈಕೆಲ್ ಫ್ಯಾರಡೆಯು ಚಿನ್ನದ ಅತಿ ಸೂಕ್ಷ್ಮ ಕಣಗಳನ್ನು ನೀರಿನಲ್ಲಿ ತೇಲಿಸಿ ಮಾಣಿಕ್ಯದಂತಹ ಕೆಂಪು ದ್ರವವನ್ನು ಪಡೆದನು. ಅದಕ್ಕೆ ಉಪ್ಪು ಹಾಕಿದರೆ ಕಣಗಳು ಒಂದಕ್ಕೊಂದು ಕೂಡಿಕೊಂಡು ದ್ರವವು ನೀಲಿಯಾಗುತ್ತದೆ. ಆದರೆ ಮೊದಲೇ ಸ್ವಲ್ಪ ಜಿಲೆಟಿನ್ ಬೆರೆಸಿದ್ದರೆ ಉಪ್ಪಿನ ಆಟ ನಡೆಯುವುದಿಲ್ಲ. ಜಿಲೆಟಿನ್ ಎಂಬ ಪ್ರೋಟೀನು ಕಣಗಳಿಗೆ ಹೊದಿಕೆಯಾಗಿ ನಿಂತಿರುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜಿಗ್ಮೊಂಡಿ ಎಂಬ ವಿಜ್ಞಾನಿಯು ಈ ಹೊದಿಕೆಯ ಬಲವನ್ನು ಅಳೆಯುವ ಕ್ರಮವನ್ನೇ ರೂಪಿಸಿದನು; 1925ನೆಯ ವರ್ಷದ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಅವನಿಗೆ ಸಂದಿತು. ಮುಂದೆ 1962ರಲ್ಲಿ ಲಿಯೊ ವ್ರೋಮನ್ ಎಂಬ ರಕ್ತವಿಜ್ಞಾನಿಯು ಇನ್ನೊಂದು ಸೋಜಿಗವನ್ನು ಪ್ರಕಟಿಸಿದನು. ಗಾಜಿನಂತಹ ಮೇಲ್ಮೈಗೆ ಮೊದಲು ಅಂಟಿದ ಪ್ರೋಟೀನು ಅಲ್ಲಿಯೇ ನಿಲ್ಲುವುದಿಲ್ಲ; ಅದನ್ನು ತಳ್ಳಿ ಬೇರೊಂದು ಬಂದು ಕೂಡುತ್ತದೆ. ರಕ್ತದಲ್ಲಿ ಹೆಚ್ಚು ಸಂಖ್ಯೆಯಲ್ಲಿರುವುದು ಮೊದಲು ಬರುತ್ತದೆ, ಹೆಚ್ಚು ಬಿಗಿಯಾಗಿ ಹಿಡಿಯಬಲ್ಲದ್ದು ಕೊನೆಗೆ ಉಳಿಯುತ್ತದೆ. ವ್ರೋಮನ್ ಡಚ್ ಭಾಷೆಯ ಹೆಸರಾಂತ ಕವಿಯೂ ಆಗಿದ್ದನು.

2007ರಲ್ಲಿ ಡಬ್ಲಿನ್ ನಗರದ ಕೆನೆತ್ ಡಾಸನ್, ಸ್ವೀಡನ್ನಿನ ಸಾರಾ ಲಿನ್ಸೆ ಮತ್ತು ಅವರ ಸಹೋದ್ಯೋಗಿಗಳು ನ್ಯಾನೋ ಕಣದ ಸುತ್ತಲಿನ ಈ ಪ್ರೋಟೀನು ಪದರವನ್ನು ವರ್ಣಿಸಲು, ಗ್ರಹಣಕಾಲದಲ್ಲಿ ಸೂರ್ಯನ ಸುತ್ತ ಕಾಣುವ ಪ್ರಭೆಗೆ ಇರುವ ಕರೋನಾ ಎಂಬ ಶಬ್ದವನ್ನು ಬಳಸಿದರು. ನಾವು ಪ್ರಭಾವಳಿ ಎನ್ನಬಹುದು. ಅಂದಿನಿಂದ ಜೀವಕೋಶವು ನೋಡುವುದು ಕಣವನ್ನಲ್ಲ, ಪ್ರಭಾವಳಿಯನ್ನು ಎಂಬ ತಿಳಿವಳಿಕೆ ಈ ಶಾಸ್ತ್ರದ ತಳಹದಿಯಾಗಿದೆ.

ಇನ್ನು ಉರಿಯೂತಕ್ಕೂ ಇದಕ್ಕೂ ಏನು ಸಂಬಂಧ? ಗಾಯವಾದಾಗ ಕೆಂಪಾಗಿ, ಬಿಸಿಯಾಗಿ, ಬಾತುಕೊಂಡು ನೋಯುವ ಸ್ಥಿತಿಯೇ ಉರಿಯೂತ. ಇದು ದೇಹದ ಶತ್ರುವಲ್ಲ, ಕಾವಲಿನ ವ್ಯವಸ್ಥೆ. ಆದರೆ ಕಾರಣವಿಲ್ಲದೆ ಎದ್ದರೆ, ಅಥವಾ ಎದ್ದದ್ದು ತಣಿಯದಿದ್ದರೆ, ಅದರಿಂದಲೇ ಹಾನಿ. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನ ವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇಲ್ಲಿ ಬಹು ಬೋಧಪ್ರದವಾಗಿದೆ. ಅವರು 5 ನ್ಯಾನೋಮೀಟರ್ ಅಳತೆಯ ಚಿನ್ನದ ಕಣಗಳಿಗೆ ಋಣ ವಿದ್ಯುದಂಶವುಳ್ಳ ಒಂದು ಪಾಲಿಮರಿನ ಲೇಪ ಕೊಟ್ಟು ರಕ್ತದ ಪ್ರೋಟೀನುಗಳೊಡನೆ ಬೆರೆಸಿದರು. ಫೈಬ್ರಿನೋಜೆನ್ ಸುಮಾರು 45 ನ್ಯಾನೋಮೀಟರ್ ಉದ್ದದ ಅಣು. ಕಣಕ್ಕಿಂತ ಒಂಬತ್ತು ಪಟ್ಟು ಉದ್ದ. ಅದು ಈ ಕಣಕ್ಕೆ ಅಂಟಿದಾಗ ಅದರ ಮಡಿಕೆ ಬಿಚ್ಚಿಕೊಂಡು, ಒಳಗೆ ಅಡಗಿದ್ದ ಒಂದು ಭಾಗ ಹೊರಗೆ ಕಾಣತೊಡಗಿತು. ಆ ಭಾಗವನ್ನು ಗುರುತಿಸುವ ಗ್ರಾಹಕವೊಂದು ಬಿಳಿಯ ರಕ್ತಕಣಗಳ ಮೈಮೇಲೆ ಇದೆ. ಸಾಮಾನ್ಯವಾಗಿ ಆ ಭಾಗ ತೆರೆದು ಕಾಣುವುದು ಗಾಯವಾಗಿ ರಕ್ತ ಹೆಪ್ಪುಗಟ್ಟಿದಾಗ. ಆದಕಾರಣ ಬಿಳಿಯ ಕಣಗಳು ಎಲ್ಲಿಯೋ ಗಾಯವಾಗಿದೆಯೆಂದು ಭಾವಿಸಿ ಉರಿಯೂತವನ್ನು ಎಬ್ಬಿಸುವ ದ್ರವ್ಯಗಳನ್ನು ಸುರಿಸಿದವು. ಅದೇ ಚಿನ್ನವು 20 ನ್ಯಾನೋಮೀಟರ್ ಅಳತೆಯಲ್ಲಿದ್ದಾಗ ಫೈಬ್ರಿನೋಜೆನ್ ಅಂಟಿದರೂ ಈ ಪರಿಣಾಮ ಅಷ್ಟಾಗಿ ಕಾಣಲಿಲ್ಲ.

ಇಲ್ಲಿ ವಾಚಕರು ಗಮನಿಸಬೇಕಾದ ಅಂಶವಿದು. ಚಿನ್ನವು ವಿಷವಲ್ಲ. ಫೈಬ್ರಿನೋಜೆನ್ ನಮ್ಮದೇ ದೇಹದ ಪದಾರ್ಥ. ಎರಡೂ ನಿರ್ದೋಷಿಗಳು, ಆದರೆ ಇವು ಕೂಡಿದ ರೀತಿಯಿಂದ ಒಂದು ಸುಳ್ಳು ಸುದ್ದಿ ಹುಟ್ಟಿತು, ಕಾವಲುಗಾರರು ಅದನ್ನು ನಂಬಿದರು. ಹೀಗಿರುವಾಗ “ನ್ಯಾನೋ ಒಳ್ಳೆಯದೋ ಕೆಟ್ಟದ್ದೋ?” ಎಂದು ನನ್ನ ವಿದ್ಯಾರ್ಥಿಗಳು ಕೇಳುವ ಪ್ರಶ್ನೆಗೆ ಅರ್ಥವೇ ಇಲ್ಲ. ಯಾವ ಕಣ, ಎಷ್ಟು ಗಾತ್ರ, ಯಾವ ದಾರಿಯಿಂದ ಒಳಹೊಕ್ಕಿತು, ಯಾವ ಉಡುಗೆ ತೊಟ್ಟಿತು ಎಂದು ಕೇಳಬೇಕು.

ಉಡುಗೆಯು ಉಪಕಾರಿಯಾಗುವುದೂ ಉಂಟು. 2018ರಲ್ಲಿ ಅಮೆರಿಕದಲ್ಲಿ ಮಂಜೂರಾದ ಪಾಟಿಸಿರಾನ್ ಎಂಬ ಔಷಧವನ್ನು ಕೊಬ್ಬಿನ ನ್ಯಾನೋ ಕಣಗಳಲ್ಲಿ ತುಂಬಿ ಕೊಡುತ್ತಾರೆ. ಅದು ಯಕೃತ್ತಿಗೆ ತಲಪಬೇಕು. ರಕ್ತದಲ್ಲಿರುವ ಅಪೋಲಿಪೋಪ್ರೋಟೀನ್ ಇ ಎಂಬ ಪ್ರೋಟೀನು ಆ ಕಣಗಳಿಗೆ ತಾನಾಗಿ ಅಂಟಿಕೊಳ್ಳುತ್ತದೆ. ಯಕೃತ್ತಿನ ಜೀವಕೋಶಗಳು ಅದನ್ನು ತಮಗೆ ಪರಿಚಿತವಾದ ಕೊಬ್ಬೆಂದು ಬಗೆದು ಒಳಗೆ ಕರೆದುಕೊಳ್ಳುತ್ತವೆ. ಇದಕ್ಕೆ ವಿರುದ್ಧವಾಗಿ, ಜೀವಕೋಶದ ನಿಶ್ಚಿತ ಬಾಗಿಲಿಗೆ ಹೋಗಲೆಂದು ಟ್ರಾನ್ಸ್‌ಫೆರಿನ್ ಜೋಡಿಸಿದ ಕಣಗಳು ರಕ್ತದ ಪ್ರೋಟೀನುಗಳಿಂದ ಮುಚ್ಚಿಹೋಗಿ ದಾರಿ ತಪ್ಪುವುದನ್ನು ಡಾಸನ್ ಅವರ ಗುಂಪು 2013ರಲ್ಲಿ ತೋರಿಸಿತು. ವಿಳಾಸ ಬರೆದ ಲಕೋಟೆಯ ಮೇಲೆ ಕೆಸರು ಮೆತ್ತಿದಂತಾಯಿತು.

ಈಗ ನನ್ನ ತಂಗಿಯ ಸಲೈನಿನ ಸಂಗತಿಗೆ ಬರುತ್ತೇನೆ. ನರಕ್ಕೆ ಕೊಡುವ ಕಬ್ಬಿಣದ ಔಷಧವು ಕರಗಿದ ಕಬ್ಬಿಣವಲ್ಲ. ಕೆಲವು ನ್ಯಾನೋಮೀಟರಿನಿಂದ ಕೆಲವು ಹತ್ತು ನ್ಯಾನೋಮೀಟರುಗಳವರೆಗಿನ ಕಬ್ಬಿಣದ ಆಕ್ಸಿಹೈಡ್ರಾಕ್ಸೈಡ್ ಕಣಗಳಿಗೆ ಸಕ್ಕರೆಯ ಜಾತಿಯ ಪದಾರ್ಥದ ಕವಚ ತೊಡಿಸಿದ ನ್ಯಾನೋ ಔಷಧವದು. ಕವಚವಿಲ್ಲದೆ ಕಬ್ಬಿಣವನ್ನು ನೇರವಾಗಿ ರಕ್ತಕ್ಕೆ ಬಿಟ್ಟರೆ ಅಪಾಯ. ಕವಚವಿದ್ದರೆ ಅದು ಮೆಲ್ಲಮೆಲ್ಲನೆ ಬಿಡುಗಡೆಯಾಗುತ್ತದೆ. ಹಿಂದಿನ ಕಾಲದ, ದೊಡ್ಡ ಅಣುತೂಕದ ಡೆಕ್ಸ್‌ಟ್ರಾನ್ ಕವಚದ ಔಷಧವು ಕೆಲವರಲ್ಲಿ ತೀವ್ರ ಪ್ರತಿಕ್ರಿಯೆಯನ್ನುಂಟುಮಾಡಿ ಬಳಕೆಯಿಂದ ಹಿಂದೆ ಸರಿಯಿತು. ಇಂದಿನ ಕವಚಗಳು ಬಹಳ ಸುಧಾರಿಸಿವೆ. ಆದರೂ ಕೆಲವರಲ್ಲಿ ಮುಖ ಕೆಂಪೇರುವುದು, ಎದೆ ಬಿಗಿಯುವುದು ಉಂಟು. ರಕ್ತದ ಪೂರಕ ಪ್ರೋಟೀನುಗಳು ಕಣದ ಮೇಲ್ಮೈಯಲ್ಲಿ ಚೇತರಿಸಿಕೊಂಡು ಎಚ್ಚರಿಕೆಯ ದ್ರವ್ಯಗಳನ್ನು ಬಿಡುವುದೇ ಇದಕ್ಕೆ ಕಾರಣವಿರಬೇಕೆಂದು ಅನೇಕ ತಜ್ಞರು ಭಾವಿಸುತ್ತಾರೆ. ಸಲೈನ್ ನಿಲ್ಲಿಸಿದರೆ ಅಂತಹ ಸೌಮ್ಯ ಪ್ರತಿಕ್ರಿಯೆ ಸಾಮಾನ್ಯವಾಗಿ ತಾನೇ ಶಮನವಾಗುತ್ತದೆ. ತೀವ್ರ ಪ್ರತಿಕ್ರಿಯೆ ಅತಿ ವಿರಳ. ಆದರೆ ಆದಾಗ ಒಡನೆ ಚಿಕಿತ್ಸೆ ಬೇಕಾದುದರಿಂದಲೇ ಈ ಔಷಧವನ್ನು ಆಸ್ಪತ್ರೆಯಲ್ಲಿ, ಕಣ್ಣೆದುರಿಗೆ ಇಟ್ಟುಕೊಂಡು ಕೊಡುತ್ತಾರೆ.

ಇದರ ಪ್ರಯೋಜನವೇನು ಅಲ್ಪವೇ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ಗರ್ಭಿಣಿಯರಲ್ಲಿ ಶೇಕಡ 52 ಮಂದಿ ರಕ್ತಹೀನರು. ತಾಯಿಯ ರಕ್ತ ಸೋತರೆ ಹೆರಿಗೆಯಲ್ಲಿ ಪ್ರಾಣಕ್ಕೇ ಆಪತ್ತು. ಕೂಸಿನ ತೂಕವೂ ಕುಂದುತ್ತದೆ. ನಮ್ಮ ಬೆಳಗಾವಿಯ ಕೆ.ಎಲ್.ಇ. ಸಂಸ್ಥೆಯ ಜವಾಹರಲಾಲ್ ನೆಹರೂ ವೈದ್ಯಕೀಯ ಮಹಾವಿದ್ಯಾಲಯವು ಅಮೆರಿಕದ ಥಾಮಸ್ ಜೆಫರ್ಸನ್ ವಿಶ್ವವಿದ್ಯಾಲಯದೊಡನೆ ಕೂಡಿ 2021ರಲ್ಲಿ ಆರಂಭಿಸಿದ ರ‍್ಯಾಪಿಡ್‌ಐರನ್ ಎಂಬ ಪರೀಕ್ಷೆಯಲ್ಲಿ ಕರ್ನಾಟಕ, ರಾಜಸ್ಥಾನಗಳ ನಾಲ್ಕು ಸಾವಿರಕ್ಕೂ ಮೇಲ್ಪಟ್ಟ ಗರ್ಭಿಣಿಯರನ್ನು ಸೇರಿಸಿಕೊಂಡು, ಗುಳಿಗೆಯನ್ನೂ ಒಂದೇ ಸಲ ನರಕ್ಕೆ ಕೊಡುವ ಎರಡು ಬಗೆಯ ಕಬ್ಬಿಣವನ್ನೂ ಹೋಲಿಸಿ ನೋಡಿತು. ನಮ್ಮ ಜಿಲ್ಲೆಯ ವೈದ್ಯರೇ ನಮ್ಮ ನಾಡಿನ ಹೆಣ್ಣುಮಕ್ಕಳಲ್ಲಿ ಪರೀಕ್ಷಿಸಿದ ವಿಷಯವಿದೆಂಬುದನ್ನು ನಮ್ಮ ಓಣಿಗಳಿಗೆ ಯಾರೂ ಹೇಳಲಿಲ್ಲ.

ಇನ್ನು ಅಂಗಳದ ಬೂದಿ. ಕಬ್ಬು ಮಣ್ಣಿನಿಂದ ಸಿಲಿಕವನ್ನು ಹೀರಿ ಎಲೆಗಳಲ್ಲಿ ಕೂಡಿಡುವ ಬೆಳೆ. ರವದಿಯನ್ನು ಸುಟ್ಟಾಗ ಆ ಸಿಲಿಕವು ಅತಿ ಸೂಕ್ಷ್ಮ ಕಣಗಳಾಗಿ ಬೂದಿಯಲ್ಲಿಯೂ ಹೊಗೆಯಲ್ಲಿಯೂ ಸೇರುತ್ತದೆ. ಬಟ್ಟೆಯ ಮೇಲೆ ಬಿದ್ದ ಕರಿಯ ಚೂರುಗಳು ಕಣ್ಣಿಗೆ ಕಾಣುತ್ತವೆ. ಪುಪ್ಪುಸದ ಆಳಕ್ಕೆ ಇಳಿಯತಕ್ಕವು ಕಾಣುವುದಿಲ್ಲ. ಪುಪ್ಪುಸದಿಂದ ಇವು ರಕ್ತಕ್ಕೆ ದಾಟಬಲ್ಲವೇ? ಎಡಿನ್‌ಬರೋ ನಗರದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಆರೋಗ್ಯವಂತ ಸ್ವಯಂಸೇವಕರು ಉಸಿರಾಡಿದ ಚಿನ್ನದ ನ್ಯಾನೋ ಕಣಗಳ ಚಿನ್ನವು ಅವರ ರಕ್ತದಲ್ಲಿಯೂ ಮೂತ್ರದಲ್ಲಿಯೂ ಕಾಣಿಸಿಕೊಂಡಿತು. ಮೂರು ತಿಂಗಳ ಬಳಿಕವೂ ಅಲ್ಲಿ ಇತ್ತು. ಕಣಗಳು ಸಣ್ಣವಾದಷ್ಟೂ ದಾಟುವುದು ಸುಲಭವಾಗಿತ್ತು. ಮಧ್ಯ ಅಮೆರಿಕದ ಕಬ್ಬು ಕಡಿಯುವ ಕೂಲಿಕಾರರಲ್ಲಿ ದಶಕಗಳಿಂದ ಒಂದು ವಿಲಕ್ಷಣ ಮೂತ್ರಪಿಂಡದ ರೋಗ ಹಬ್ಬಿದೆ. ಬಿಸಿಲಿನ ದುಡಿಮೆ, ನೀರಿನ ಅಭಾವಗಳು ಅದರ ಮುಖ್ಯ ಕಾರಣಗಳೆಂದು ಹಲವರ ಮತ. ಕಬ್ಬಿನ ಬೂದಿಯ ಸಿಲಿಕ ಕಣಗಳಿಗೂ ಪಾಲಿದೆಯೇ ಎಂದು ಅಮೆರಿಕದ ಕೊಲೊರಾಡೊದ ವಿಜ್ಞಾನಿಗಳು ಶೋಧಿಸುತ್ತಿದ್ದು, ಮಾನವ ಮೂತ್ರಪಿಂಡದ ಜೀವಕೋಶಗಳ ಚಟುವಟಿಕೆ ಆ ಕಣಗಳಿಂದ ಏರುಪೇರಾಗುವುದನ್ನು 2023ರಲ್ಲಿ ವರದಿ ಮಾಡಿದ್ದಾರೆ. ಇದು ಗಾಜಿನ ತಟ್ಟೆಯಲ್ಲಿ ನಡೆದ ಪ್ರಯೋಗ. ರೋಗದ ಕಾರಣ ಇದರಿಂದಲೇ ಸಿದ್ಧವಾಯಿತೆಂದು ನಾನು ಹೇಳುವುದಿಲ್ಲ. ಆದರೆ ಎಚ್ಚರ ವಹಿಸಲು ಇಷ್ಟು ಸಾಕು.

ಎರಡನ್ನೂ ಪಕ್ಕದಲ್ಲಿ ಇಟ್ಟು ನೋಡೋಣ. ಸಲೈನಿನ ಕಣಕ್ಕೆ ಗಾತ್ರ ಗೊತ್ತು, ಪ್ರಮಾಣ ಗೊತ್ತು, ಕವಚ ಗೊತ್ತು. ಪ್ರತಿಕ್ರಿಯೆಯಾದರೆ ನಿಲ್ಲಿಸಲು ಪಕ್ಕದಲ್ಲಿ ದಾದಿ ಇದ್ದಾಳೆ. ಬೂದಿಯ ಕಣಕ್ಕೆ ಅಳತೆಯಿಲ್ಲ, ಪ್ರಮಾಣವಿಲ್ಲ, ತಯಾರಕನಿಲ್ಲ, ನಿಲ್ಲಿಸುವವರೂ ಇಲ್ಲ. ಒಳಗೆ ಅದು ಯಾವ ಉಡುಗೆ ತೊಡುವುದೆಂದು ನಮ್ಮಲ್ಲಿ ನೋಡಿದವರೂ ವಿರಳ. ನಮ್ಮ ಭಯವು ತಪ್ಪು ಮನೆಯ ಬಾಗಿಲನ್ನು ತಟ್ಟುತ್ತಿದೆ.

ಇದಕ್ಕೆ ಜನರ ಅಜ್ಞಾನವನ್ನು ದೂರಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ನಾವು ಕಲಿತವರೂ ಹೊಣೆಗಾರರು. ನನ್ನ ವರ್ಗದ ತಪ್ಪನ್ನೇ ಮೊದಲು ಒಪ್ಪಿಕೊಳ್ಳುತ್ತೇನೆ. ಇಂದು ಕಾಲೇಜುಗಳಲ್ಲಿ ಬೇವಿನ ಎಲೆಯ ಕಷಾಯದಿಂದ ಬೆಳ್ಳಿಯ ನ್ಯಾನೋ ಕಣ ಮಾಡುವುದು ರೂಢಿಯಾಗಿದೆ. ಕಷಾಯದ ಬಣ್ಣ ಕಂದಾಗುತ್ತಲೇ ಸಂತೋಷಪಟ್ಟು, ಉಪ್ಪುನೀರಿನಲ್ಲಿ ಒಂದೆರಡು ಪರೀಕ್ಷೆ ಮಾಡಿ, ಇದು ದೇಹಕ್ಕೆ ನಿರಪಾಯಕಾರಿ ಎಂದು ಪ್ರಬಂಧದ ಕೊನೆಯಲ್ಲಿ ಬರೆದುಬಿಡುತ್ತೇವೆ. ಪ್ರೋಟೀನಿಲ್ಲದ ನೀರಿನಲ್ಲಿ ನೋಡಿದ ಕಣವು ರಕ್ತದಲ್ಲಿರುವ ಕಣವಲ್ಲ. 2012ರಲ್ಲಿ ಡಾಸನ್ ಅವರ ಗುಂಪು ಸಿಲಿಕ ಕಣಗಳಿಂದಲೇ ಇದನ್ನು ತೋರಿಸಿತು: ರಕ್ತದ ಸೀರಮ್ ಇಲ್ಲದಲ್ಲಿ ಕಣಗಳು ಜೀವಕೋಶಕ್ಕೆ ಬಿಗಿಯಾಗಿ ಅಂಟಿ ಹೆಚ್ಚು ಘಾಸಿ ಮಾಡಿದವು, ಸೀರಮ್ ಇದ್ದಲ್ಲಿ ಘಾಸಿ ತಗ್ಗಿತು. ಇನ್ನು ಅಂಗಡಿಯಲ್ಲಿ 2021ರಿಂದ ದ್ರವ ನ್ಯಾನೋ ಯೂರಿಯದ ಸೀಸೆ ಬಂದ ಮೇಲೆ ರೈತರಿಗೂ ಈ ಶಬ್ದ ಪರಿಚಿತವಾಗಿದೆ. ಶಬ್ದವು ಹೊಗಳಿಕೆಯೂ ಅಲ್ಲ, ಬೈಗುಳವೂ ಅಲ್ಲ, ಬರಿಯ ಅಳತೆಯ ಹೆಸರು ಎಂದು ತಿಳಿಸಿಕೊಡುವ ಕೆಲಸ ನಮ್ಮದು.

ನನ್ನ ಸೂಚನೆಗಳು ಮೂರು. ಮೊದಲನೆಯದು ವೈದ್ಯರಿಗೆ. ಸಲೈನ್ ಹಚ್ಚುವ ಮುನ್ನ, ಮುಖ ಬಿಸಿಯಾಗಬಹುದು, ಎದೆ ಬಿಗಿದಂತಾಗಬಹುದು, ಆದರೆ ಕೂಡಲೆ ಹೇಳು, ನಿಲ್ಲಿಸುತ್ತೇವೆ ಎಂದು ತಾಯಿಗೂ ಆಕೆಯ ಅತ್ತೆಗೂ ಎರಡು ಮಾತು ತಿಳಿಹೇಳಬೇಕು. ಹೀಗೆ ಹೇಳಿದರೆ ಹೆದರಿ ಚಿಕಿತ್ಸೆಯನ್ನೇ ಬಿಡುತ್ತಾರೆ ಎಂದು ಕೆಲವು ವೈದ್ಯಮಿತ್ರರು ಆಕ್ಷೇಪಿಸುತ್ತಾರೆ. ಆ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ, ಒಬ್ಬಿಬ್ಬರು ಬಿಡಲೂಬಹುದು. ಆದರೆ ನನ್ನ ತಂಗಿಗೆ ಯಾರೂ ಏನೂ ಹೇಳಿರಲಿಲ್ಲ. ಹೇಳದೆ ಇದ್ದುದರಿಂದಲೇ ಇಬ್ಬರು ಬಿಟ್ಟರು. ಮುಂಚಿತವಾಗಿ ತಿಳಿದ ಸಂಗತಿ ನಿಜವಾದಾಗ ನಂಬಿಕೆ ಬೆಳೆಯುತ್ತದೆ, ತಿಳಿಯದ ಸಂಗತಿ ನಡೆದಾಗ ವದಂತಿ ಬೆಳೆಯುತ್ತದೆ.

ಎರಡನೆಯದು ಒಕ್ಕಲಿಗರಿಗೆ. ರವದಿಯನ್ನು ಸುಡುವ ಬದಲು ಕತ್ತರಿಸಿ ಸಾಲುಗಳ ನಡುವೆ ಹರಡಿದರೆ ತೇವ ಉಳಿಯುತ್ತದೆ, ಕಳೆ ತಗ್ಗುತ್ತದೆ, ಮಣ್ಣಿಗೆ ಸಾರವೂ ಸೇರುತ್ತದೆ. ಆಳು ಸಿಗುವುದಿಲ್ಲ, ಯಂತ್ರದ ಬಾಡಿಗೆ ಭಾರ ಎಂಬುದನ್ನು ಒಕ್ಕಲಿಗರ ಮನೆಯಲ್ಲಿಯೇ ಹುಟ್ಟಿದ ನಾನು ಬಲ್ಲೆ. ಆದುದರಿಂದ ಕಬ್ಬು ಕೊಳ್ಳುವ ಕಾರ್ಖಾನೆಗಳೂ ಸಹಕಾರಿ ಸಂಘಗಳೂ ರವದಿ ಕತ್ತರಿಸುವ ಯಂತ್ರಗಳನ್ನು ಊರೂರಿಗೆ ಒದಗಿಸಬೇಕು. ಸುಡುವವನನ್ನು ಮಾತ್ರ ಗದರಿಸಿ ಪ್ರಯೋಜನವಿಲ್ಲ.

ಮೂರನೆಯದು ವಿದ್ಯಾಪೀಠಗಳಿಗೆ. ಎಲ್ಲರ ರಕ್ತವೂ ಒಂದೇ ಬಗೆಯ ಉಡುಗೆಯನ್ನು ತೊಡಿಸುವುದಿಲ್ಲ. ಒಂದೇ ಕಣಕ್ಕೆ ಬೇರೆ ಬೇರೆ ರೋಗಿಗಳ ಪ್ಲಾಸ್ಮಾದಲ್ಲಿ ಬೇರೆ ಬೇರೆ ಪ್ರಭಾವಳಿ ಉಂಟಾಗುವುದೆಂದು ಮಹಮೂದಿ ಮತ್ತು ಅವರ ಸಹೋದ್ಯೋಗಿಗಳು 2014ರಲ್ಲಿ ತೋರಿಸಿದ್ದಾರೆ. ಬಸುರಿಯಲ್ಲಿ ಫೈಬ್ರಿನೋಜೆನ್ ಹೆಚ್ಚುತ್ತದೆ, ಆಲ್ಬುಮಿನ್ ತಗ್ಗುತ್ತದೆ. ಕಬ್ಬಿಣದ ಕೊರತೆಯಲ್ಲಿ ಟ್ರಾನ್ಸ್‌ಫೆರಿನ್ ಏರುತ್ತದೆ. ಹೀಗಿದ್ದಮೇಲೆ ದೂರದೇಶದ ಆರೋಗ್ಯವಂತ ತರುಣನ ರಕ್ತದಲ್ಲಿ ಪಡೆದ ಫಲಿತಾಂಶವನ್ನು ಮೂಡಲಗಿಯ ರಕ್ತಹೀನ ಬಸುರಿಗೆ ಹಾಗೆಯೇ ಅನ್ವಯಿಸಬಹುದೇ? ಬೆಳಗಾವಿ ಧಾರವಾಡಗಳಲ್ಲಿ ವೈದ್ಯಕೀಯ ಕಾಲೇಜುಗಳೂ ಇವೆ, ಭೌತಶಾಸ್ತ್ರದ ಪ್ರಯೋಗಶಾಲೆಗಳೂ ಇವೆ. ನಡುವಿನ ಬಾಗಿಲು ಮಾತ್ರ ಮುಚ್ಚಿದೆ. ಔಷಧದ ಕಣವನ್ನೂ ಬೂದಿಯ ಕಣವನ್ನೂ ನಮ್ಮ ಜನರ ರಕ್ತದಲ್ಲಿ, ಅವರ ಒಪ್ಪಿಗೆಯಿಂದ, ಇಬ್ಬರೂ ಕೂಡಿ ಪರೀಕ್ಷಿಸಿದರೆ ನಾಲ್ಕು ಪ್ರಬಂಧಗಳಿಗಿಂತ ಹೆಚ್ಚಿನ ಉಪಕಾರವಾದೀತು.

ನನ್ನ ತಂಗಿಗೆ ಸುಖವಾಗಿ ಹೆರಿಗೆಯಾಯಿತು. ಗೋಕಾವಿಯಿಂದ ಕಟ್ಟಿಗೆಯ ಮಾವಿನಹಣ್ಣನ್ನು ಒಯ್ದುಕೊಟ್ಟೆ. ಕೂಸು ಅದನ್ನು ಕಚ್ಚಲು ನೋಡುವ ಕಾಲ ಬಂದಿದೆ. ಬಣ್ಣ ಬಿಡುವುದೋ ಎಂದು ತಾಯಿ ಬೆರಳಿನಿಂದ ಉಜ್ಜಿ ನೋಡಿದಳು. ಆ ಮೇಲೆಯೇ ಕೂಸಿನ ಕೈಗೆ ಕೊಟ್ಟಳು. ಮೇಲಿನ ಲೇಪವನ್ನು ಪರೀಕ್ಷಿಸದೆ ಮಗುವಿನ ಕೈಗೆ ಏನನ್ನೂ ಕೊಡಬಾರದೆಂಬ ಈ ವಿವೇಕವು ನಮ್ಮ ಮನೆಗಳಲ್ಲಿ ಇದ್ದೇ ಇದೆ. ಅದನ್ನು ಕಣ್ಣಿಗೆ ಕಾಣದ ಕಣಗಳಿಗೂ ಅನ್ವಯಿಸುವುದಷ್ಟೇ ಉಳಿದಿದೆ.